ಹೊಳೆಯ ಮರಳೂ ಸದಾಚಾರವೂ

ಮಂಡ್ಯದ ಸಮೀಪದ ವಿ.ಸಿ. ಫಾರಂ ಎಂಬ ಹೆಸರಿನೊಳಗೆ ಒಂದು ನಾಲೆಯ ಹೆಸರು ಅಡಗಿದೆ. ಕನ್ನಂಬಾಡಿಯ ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾಯ್ದು, ಮಂಡ್ಯ ಮದ್ದೂರು ಮಳವಳ್ಳಿಗಳ ಸೀಮೆಗೆ ನೀರುಣಿಸುವ ಆ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿತ್ತು. ಅನಂತರ ಅದು ವಿಶ್ವೇಶ್ವರಯ್ಯ ನಾಲೆಯೆನಿಸಿತು. ಅದರ ಆಶ್ರಯದಲ್ಲಿ ಬೆಳೆದ ಫಾರಮ್ಮಿನಲ್ಲಿ ಭತ್ತ, ಕಬ್ಬು, ರಾಗಿಗಳ ಮೇಲೆ ದೀರ್ಘಕಾಲದಿಂದ ಸಂಶೋಧನೆ ನಡೆದಿದೆ. ರಾಗಿ ಲಕ್ಷ್ಮಣಯ್ಯನವರೆಂದು ನಾಡಿಗೆ ಪರಿಚಿತರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ಬೆಳೆಸಿಕೊಟ್ಟದ್ದು ಈ ಮಣ್ಣಿನಲ್ಲಿಯೇ. ಅದೇ ನೆಲ, ಅದೇ ನೀರು. ಬೀಜದಲ್ಲಿ ಬುದ್ಧಿಯನ್ನೂ ತಾಳ್ಮೆಯನ್ನೂ ಬಿತ್ತಿದ್ದರಿಂದ ಬಡವನ ಕಣದಲ್ಲಿ ರಾಶಿ ಹೆಚ್ಚಿತು. ಯಾರಿಂದಲೂ ಏನನ್ನೂ ಕಿತ್ತುಕೊಳ್ಳದೆ ಸಂಪತ್ತನ್ನು ಹೆಚ್ಚಿಸುವ ಮಾರ್ಗವಿದು.

ಇದೇ ಸೀಮೆಯಲ್ಲಿ ಸಂಪತ್ತಿನ ಇನ್ನೊಂದು ಮಾರ್ಗವೂ ಉಂಟು. ಅದು ಬೆಳೆಯುವ ಮಾರ್ಗವಲ್ಲ, ಹೊತ್ತುಕೊಂಡು ಹೋಗುವ ಮಾರ್ಗ. ರಾತ್ರಿಯ ಕತ್ತಲಲ್ಲಿ ಶಿಂಷೆಯ ಪಾತ್ರಕ್ಕೆ ಟ್ರ್ಯಾಕ್ಟರು ಇಳಿಯುತ್ತದೆ, ಜೆಸಿಬಿ ಯಂತ್ರ ಇಳಿಯುತ್ತದೆ. ಬೆಳಗಾಗುವುದರೊಳಗೆ ಮರಳು ಊರು ದಾಟಿರುತ್ತದೆ. ಇದನ್ನು ತಡೆಯಲು ಕಾನೂನುಗಳಾಗಿವೆ, ನ್ಯಾಯಾಲಯಗಳ ತೀರ್ಪುಗಳಾಗಿವೆ. ಆದರೂ ಕಳವು ನಿಂತಿಲ್ಲ. ಆದುದರಿಂದ ಇದು ಕೇವಲ ಸರ್ಕಾರದ ವಿಚಾರವೆಂದು ಸದ್ಭಕ್ತನು ಸುಮ್ಮನಿರುವಂತಿಲ್ಲ. ಹೊಳೆಯ ಮರಳು ಯಾರ ಸೊತ್ತು? ಅದನ್ನು ಅಪ್ಪಣೆಯಿಲ್ಲದೆ ತೆಗೆಯುವುದು ಯಾವ ಬಗೆಯ ಪಾಪ? ಆ ಪಾಪದಲ್ಲಿ ತೆಗೆದವನಿಗೆ ಮಾತ್ರ ಪಾಲೋ, ಕೊಂಡವನಿಗೂ ಪಾಲೋ? ಈ ಮೂರು ಪ್ರಶ್ನೆಗಳನ್ನು ಶರಣಧರ್ಮದ ಬೆಳಕಿನಲ್ಲಿ ವಿಚಾರಿಸುವುದು ಅವಶ್ಯವಾಗಿದೆ.

ಮೊದಲು ಮರಳೆಂಬುದು ಹೊಳೆಗೆ ಏನಾಗಬೇಕೆಂಬುದನ್ನು ತಿಳಿಯಬೇಕು. ಶಿಂಷೆಯು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಕಟ್ಟೆಯನ್ನು ಹಾಯ್ದು, ಮದ್ದೂರು ಮಳವಳ್ಳಿಗಳ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ಇದು ವರ್ಷವೆಲ್ಲ ತುಂಬಿ ಹರಿಯುವ ಹೊಳೆಯಲ್ಲ. ಮಳೆಗಾಲದಲ್ಲಿ ಬಂದ ನೀರಿನಲ್ಲಿ ಒಂದು ಭಾಗವು ಮರಳಿನ ಕಣಗಳ ನಡುವೆ ಇಂಗಿ ನಿಲ್ಲುತ್ತದೆ. ಬೇಸಗೆಯಲ್ಲಿ ಹೊಳೆ ಬತ್ತಿದಂತೆ ಕಂಡರೂ ಒಳಗೆ ಬತ್ತಿರುವುದಿಲ್ಲ. ಮರಳಿನಲ್ಲಿ ಮೊಳಕೈಯುದ್ದ ಒರತೆ ತೋಡಿ ತಿಳಿನೀರನ್ನು ಬಿಂದಿಗೆಗೆ ತುಂಬಿಕೊಂಡ ನೆನಪು ಹಳ್ಳಿಯ ಹಿರಿಯರಿಗೆಲ್ಲ ಉಂಟು. ಆ ನೀರೇ ನೆಲದೊಳಗೆ ಹರಿದು ದಡದ ಬಾವಿಗಳಿಗೆ ಜೀವ ಕೊಡುತ್ತದೆ. ಮರಳನ್ನು ಅಳತೆಮೀರಿ ತೆಗೆದಾಗ ಪಾತ್ರವು ತಗ್ಗುತ್ತದೆ. ಪಾತ್ರವು ತಗ್ಗಿದರೆ ಅಕ್ಕಪಕ್ಕದ ಅಂತರ್ಜಲವು ಅದರತ್ತ ಸೋರಿ ಕೆಳಗಿಳಿಯುತ್ತದೆ, ದಡ ಕುಸಿಯುತ್ತದೆ, ಸೇತುವೆಯ ಕಂಬಗಳ ಬುಡ ಬಯಲಾಗುತ್ತದೆ, ನೀರಿಗಿಳಿದ ಮಕ್ಕಳಿಗೂ ದನಕರುಗಳಿಗೂ ಗುಂಡಿಗಳು ಮೃತ್ಯುವಾಗುತ್ತವೆ. ನಾಲೆಯ ತುದಿಯಲ್ಲಿರುವ ಮದ್ದೂರು ಮಳವಳ್ಳಿಗಳ ಊರುಗಳಿಗೆ ನಾಲೆಯ ನೀರು ತಲಪುವುದೇ ಕಷ್ಟ. ಅಂಥಲ್ಲಿ ಬಾವಿಯೂ ಬತ್ತಿದರೆ ಒಕ್ಕಲಿನ ಗತಿಯೇನು?

ಹೋದ ಮರಳು ಮತ್ತೆ ಬರುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬರುತ್ತದೆ; ಆದರೆ ಅದರ ಗಡಿಯಾರವೇ ಬೇರೆ. ಬೆಟ್ಟದ ಬಂಡೆಯು ಬಿಸಿಲು ಮಳೆಗಳಿಗೆ ಸವೆದು, ಒಡೆದು, ಉರುಳಿ, ತೊಳೆದು ಒಂದು ಹರಳಾಗುವುದಕ್ಕೆ ಸಾವಿರಾರು ವರ್ಷಗಳು ಬೇಕು. ಅದರ ಮೇಲೆ ಇನ್ನೊಂದು ಮಾತು: ಅಣೆಕಟ್ಟು ನೀರನ್ನು ಹಿಡಿಯುವಾಗ ಮರಳನ್ನೂ ಹಿಡಿಯುತ್ತದೆ. ಕನ್ನಂಬಾಡಿಯ ಕಟ್ಟೆಯ ಹಿಂದೆ 124.80 ಅಡಿ ನೀರು ನಿಂತಾಗ ನಾಡೆಲ್ಲ ಹರ್ಷಿಸುತ್ತದೆ. ಆದರೆ ಮೇಲಿನಿಂದ ಬಂದ ಮರಳು ಆ ನಿಂತ ನೀರಿನ ತಳದಲ್ಲಿಯೇ ಕುಳಿತುಬಿಡುತ್ತದೆ. ತೂಬಿನಿಂದ ನೀರು ಹೊರಡುವುದೇ ಹೊರತು ಮರಳು ಹೊರಡುವುದಿಲ್ಲ. ಕಟ್ಟೆಗಳ ಕೆಳಗಿನ ಹೊಳೆಗಳಲ್ಲಿ ಈಗಿರುವ ಮರಳು ಬಹುಮಟ್ಟಿಗೆ ಪೂರ್ವಕಾಲದ ಗಳಿಕೆ. ಅದನ್ನು ತೆಗೆಯುವುದೆಂದರೆ ತಾತನ ಇಡುಗಂಟನ್ನು ಬಿಚ್ಚಿದ ಹಾಗೆ. ಇದು ಒಂದು ಜಿಲ್ಲೆಯ ಕಥೆಯೂ ಅಲ್ಲ. ಲೋಕದಲ್ಲಿ ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2022ರ ತನ್ನ ವರದಿಯಲ್ಲಿ ತಿಳಿಸಿದೆ.

ಇನ್ನು ಕಾನೂನು ಏನು ಮಾಡಿದೆಯೆಂಬುದನ್ನು ನೋಡೋಣ. 1957ರ ಗಣಿ ಮತ್ತು ಖನಿಜಗಳ ಅಧಿನಿಯಮವು ಸಾಮಾನ್ಯ ಮರಳನ್ನು ಉಪಖನಿಜಗಳ ಸಾಲಿನಲ್ಲಿ ಸೇರಿಸಿ, ಅದನ್ನು ಕುರಿತು ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಅದರಂತೆ ಕರ್ನಾಟಕವು 1994ರಲ್ಲಿ ಉಪಖನಿಜ ರಿಯಾಯಿತಿ ನಿಯಮಗಳನ್ನು ಮಾಡಿ, ಮುಂದೆ ಹಲವು ಸಲ ತಿದ್ದಿತು. ಮೊದಮೊದಲು ಕಾನೂನಿನ ದೃಷ್ಟಿಯೆಲ್ಲ ರಾಜಧನದ ಮೇಲಿತ್ತು. ಬೊಕ್ಕಸಕ್ಕೆ ಬರಬೇಕಾದ ಹಣ ಬಂದರಾಯಿತು ಎಂಬಂತೆ ನಡೆಯಿತು. 1976ರ ಸಂವಿಧಾನ ತಿದ್ದುಪಡಿಯು ಪರಿಸರವನ್ನು ಕಾಪಾಡುವುದು ರಾಜ್ಯದ ಕರ್ತವ್ಯವೆಂದೂ, ನದಿ ಕೆರೆ ಅರಣ್ಯಗಳನ್ನು ರಕ್ಷಿಸಿ ಪ್ರಾಣಿಗಳಲ್ಲಿ ದಯೆಯಿಡುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದೂ ಸಾರಿತು. 1996ರ ಡಿಸೆಂಬರಿನಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಪ್ರಕರಣವನ್ನು ತೀರ್ಮಾನಿಸುತ್ತ ಸರ್ವೋಚ್ಚ ನ್ಯಾಯಾಲಯವು, ನದಿ ಮೊದಲಾದ ನೈಸರ್ಗಿಕ ಸಂಪತ್ತುಗಳಿಗೆ ಸರ್ಕಾರವು ಒಡೆಯನಲ್ಲ, ಜನರ ಪರವಾಗಿ ಅವುಗಳನ್ನು ಕಾಯುವ ನ್ಯಾಸಧಾರಿ ಎಂಬ ತತ್ತ್ವವನ್ನು ಎತ್ತಿಹಿಡಿಯಿತು.

2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು 5 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಆಜ್ಞಾಪಿಸಿತು. ದೊಡ್ಡ ಪ್ರದೇಶವನ್ನು ಚೂರುಚೂರು ಮಾಡಿ ಅನುಮತಿಯನ್ನು ತಪ್ಪಿಸಿಕೊಳ್ಳುವ ಉಪಾಯಕ್ಕೆ ಅದರಿಂದ ತಡೆಯಾಯಿತು. 2013ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಪರಿಸರ ಅನುಮತಿಯಿಲ್ಲದ ಮರಳುಗಾರಿಕೆಯನ್ನು ದೇಶದಾದ್ಯಂತ ನಿಷೇಧಿಸಿತು. 2014ರ ಸೆಪ್ಟೆಂಬರಿನಲ್ಲಿ ದೆಹಲಿಯ ಸಂಜಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಸ್ಪಷ್ಟವಾದ ಮಾತನ್ನು ಹೇಳಿತು: ಅಪ್ಪಣೆಯಿಲ್ಲದೆ ಹೊಳೆಯ ಮರಳನ್ನು ತೆಗೆದವನ ಮೇಲೆ ಗಣಿ ಕಾಯಿದೆಯ ಅಪರಾಧವಲ್ಲದೆ ದಂಡಸಂಹಿತೆಯ ಕಳವಿನ ಅಪರಾಧವನ್ನೂ ಹೊರಿಸಬಹುದು. 2015ರ ತಿದ್ದುಪಡಿಯು ಶಿಕ್ಷೆಯನ್ನು 5 ವರ್ಷಗಳವರೆಗಿನ ಸೆರೆವಾಸಕ್ಕೂ ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಏರಿಸಿತು. 2016ರಲ್ಲಿಯೂ 2020ರಲ್ಲಿಯೂ ಕೇಂದ್ರ ಸರ್ಕಾರವು ಮಾರ್ಗಸೂಚಿಗಳನ್ನು ಹೊರಡಿಸಿ, ಜಿಲ್ಲೆ ಜಿಲ್ಲೆಗೂ ಮರಳಿನ ಸಮೀಕ್ಷೆ ನಡೆಯಬೇಕೆಂದೂ, 3 ಮೀಟರಿಗಿಂತ ಆಳಕ್ಕೆ ಅಗೆಯಬಾರದೆಂದೂ ವಿಧಿಸಿತು. ಕರ್ನಾಟಕದ 2020ರ ಮರಳು ನೀತಿಯು ಸಣ್ಣ ಹಳ್ಳತೊರೆಗಳ ಮರಳಿನ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಿತು.

ಕಾನೂನು ಇಷ್ಟು ನಡೆದು ಬಂದಿದೆ. ಅದನ್ನು ಹಗುರಾಗಿ ಕಾಣಬಾರದು. ಅದನ್ನು ಜಾರಿಗೆ ತರಲು ಹೋದವರು ಪ್ರಾಣವನ್ನೇ ತೆತ್ತಿದ್ದಾರೆ. 2018ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಮರಳಿನ ಲಾರಿಯನ್ನು ತಡೆಯಹೋದ ಗ್ರಾಮಲೆಕ್ಕಿಗರೊಬ್ಬರು ಅದರ ಚಕ್ರಕ್ಕೆ ಸಿಕ್ಕಿ ಮಡಿದರು. 2023ರ ಜೂನಿನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಹೆಡ್ ಕಾನ್‌ಸ್ಟೇಬಲ್ಲೊಬ್ಬರು ಮರಳಿನ ಟ್ರ್ಯಾಕ್ಟರಿನಿಂದ ಅದೇ ಗತಿಯನ್ನು ಕಂಡರು. ಇಬ್ಬರಿಗೂ ಮನೆಯಿತ್ತು, ಮಡದಿಮಕ್ಕಳ ದಾರಿನೋಟವಿತ್ತು. ಎಲ್ಲಿಯೋ ಒಂದು ಮನೆಯ ಗೋಡೆಗೆ ಬೇಕಾದ ಮರಳಿಗಾಗಿ ಆ ಮನೆಗಳ ಆಧಾರಸ್ತಂಭಗಳು ಉರುಳಿದವು.

ಹಾಗಾದರೆ ಕಾನೂನಿಗೆ ಏಕೆ ಜಯವಾಗಲಿಲ್ಲ? ಕಾರಣವು ಗೂಢವಾದುದಲ್ಲ. ಕಾನೂನಿಗೆ ಕಣ್ಣಿರುವುದು ಅದರ ಅಧಿಕಾರಿಯ ಕಣ್ಣಿನಲ್ಲಿ. ಅವನು ಮಲಗಿದಾಗ ಅದೂ ಮಲಗುತ್ತದೆ. ಅವನು ಬೇರೆಡೆ ನೋಡಿದರೆ ಅದೂ ಬೇರೆಡೆ ನೋಡುತ್ತದೆ. ಸಿಕ್ಕಿಬಿದ್ದವನು ದಂಡ ಕಟ್ಟಿ ರಾಜಿಯಾಗುವುದಕ್ಕೂ ಕಾಯಿದೆಯಲ್ಲಿಯೇ ದಾರಿಯುಂಟು. ಲಾಭವು ಹೇರಳವಾಗಿರುವಲ್ಲಿ ಆ ದಂಡವನ್ನು ಡೀಸೆಲ್ಲಿನ ಖರ್ಚಿನ ಪಕ್ಕದಲ್ಲಿಯೇ ಬರೆದುಕೊಳ್ಳುವ ವ್ಯಾಪಾರಿಗಳಿದ್ದಾರೆ. ಹೊಳೆಯಲ್ಲಿ ಬಿಗಿಯಾದರೆ ಕೆರೆಯಂಗಳದ ಮತ್ತು ಹೊಲದ ಮಣ್ಣನ್ನು ತೊಳೆದು 'ಫಿಲ್ಟರ್ ಮರಳು' ತೆಗೆಯುತ್ತಾರೆ. ಇದು ಇನ್ನೂ ಘೋರ. ಮೇಲ್ಮಣ್ಣನ್ನು ಕಾಪಾಡಿಕೊಳ್ಳಬೇಕೆಂದು, ನೆಲದಿಂದ ಪಡೆದುದಕ್ಕೆ ಪ್ರತಿಯಾಗಿ ಗೊಬ್ಬರವನ್ನೂ ಹಸಿರೆಲೆಯನ್ನೂ ಮರಳಿ ಕೊಡಬೇಕೆಂದು ವಿ.ಸಿ. ಫಾರಮ್ಮಿನಂಥ ಸಂಸ್ಥೆಗಳು ಒಕ್ಕಲು ಮಕ್ಕಳಿಗೆ ಬೋಧಿಸುತ್ತಿರುವಾಗ, ಅದೇ ಮೇಲ್ಮಣ್ಣು ರಾಡಿಯಾಗಿ ಹಳ್ಳಕ್ಕೆ ಹರಿದುಹೋಗುತ್ತದೆ. ಹೊರಗಿನ ಕಾವಲು ಎಷ್ಟೇ ಬಲವಾದರೂ ಒಳಗಿನ ಕಾವಲು ಇಲ್ಲದಿದ್ದರೆ ಮನೆ ಉಳಿಯದು. ಆ ಒಳಗಿನ ಕಾವಲಿಗೇ ಶರಣರು ಆಚಾರವೆಂದು ಹೆಸರಿಟ್ಟರು.

ಈಗ ಮೊದಲನೆಯ ಪ್ರಶ್ನೆ. ಮರಳು ಯಾರ ಸೊತ್ತು? "ಯಾರೂ ಬಿತ್ತಲಿಲ್ಲ, ಯಾರೂ ಬೆಳೆಯಲಿಲ್ಲ, ಹೊಳೆ ತಂದು ಹಾಕಿದ್ದು, ತೆಗೆದರೆ ಯಾರ ಮನೆ ಹಾಳಾಯಿತು?" ಎಂದು ವಾದಿಸುವವರುಂಟು. ಈ ವಾದದಲ್ಲಿ ಅರ್ಧ ಸತ್ಯವಿದೆ. ಮನುಷ್ಯರಲ್ಲಿ ಯಾರೂ ಅದನ್ನು ಮಾಡಲಿಲ್ಲವೆಂಬುದು ನಿಜ. ಆದರೆ ಅದರಿಂದ ಸಿದ್ಧವಾಗುವುದೇನು? ಯಾರದೂ ಅಲ್ಲದ್ದು ತೆಗೆದುಕೊಂಡವನದಾಗುತ್ತದೆ ಎಂಬುದು ಲೋಭಿಯ ತರ್ಕ. ಶರಣರ ತರ್ಕವು ಇದಕ್ಕೆ ವಿಪರೀತವಾದುದು. ತಾನು ಮಾಡದೆ ದೊರೆತದ್ದೆಲ್ಲವೂ ಶಿವನ ಸೊತ್ತು. ಅದನ್ನು ಭಕ್ತನು ಪ್ರಸಾದವಾಗಿ ಸ್ವೀಕರಿಸಬೇಕು. ಪ್ರಸಾದಕ್ಕೆ ಮಿತಿಯುಂಟು, ಹಂಚಿಕೆಯುಂಟು. ಪಂಕ್ತಿಯಲ್ಲಿ ಕುಳಿತವನು ಪಾತ್ರೆಯನ್ನೇ ಎತ್ತಿಕೊಂಡು ಹೋದರೆ ಅವನನ್ನು ಪ್ರಸಾದಿಯೆಂದು ಕರೆಯಲಾಗದು. ನ್ಯಾಯಾಲಯವು ಹೇಳಿದ ನ್ಯಾಸಧಾರಿಯ ತತ್ತ್ವವೂ ದಾಸೋಹದ ತತ್ತ್ವವೂ ಇಲ್ಲಿ ಕೈಹಿಡಿದು ನಡೆಯುತ್ತವೆ. ಧನವನ್ನು ಕಾಪಾಡುವವನು ಒಡೆಯನಲ್ಲ, ಸಲ್ಲಬೇಕಾದವರಿಗೆ ಸಲ್ಲಿಸುವ ಭೃತ್ಯ. ಮರಳು ಸಲ್ಲಬೇಕಾದವರಲ್ಲಿ ಇಂದಿನ ಗ್ರಾಮದವರಲ್ಲದೆ ಇನ್ನೂ ಹುಟ್ಟದ ಮೊಮ್ಮಕ್ಕಳೂ, ಆ ಒರತೆಯ ನೀರಿಗೆ ಬಾಯಿಡುವ ಪಶುಪಕ್ಷಿಗಳೂ ಇದ್ದಾರೆ. ಹೀಗಿರಲು ಇದು ಕಳವಲ್ಲವೆಂದು ಹೇಗೆ ಹೇಳುವುದು? ಬಸವಣ್ಣನವರು ಆಚಾರವನ್ನು ಬೋಧಿಸಹೊರಟಾಗ ಬಿಡಬೇಕಾದುದರ ಸಾಲಿನಲ್ಲಿ ಕಳವನ್ನೇ ಮೊದಲು ಇಟ್ಟರೆಂಬುದನ್ನು ಭಕ್ತರು ನೆನೆಯಬೇಕು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. "ಮಳೆ ಕೈಕೊಟ್ಟಿತು, ಕಬ್ಬಿಗೆ ಬೆಲೆಯಿಲ್ಲ, ಟ್ರ್ಯಾಕ್ಟರಿನ ಸಾಲದ ಕಂತು ಕಟ್ಟಬೇಕು; ಮರಳು ಹೊಡೆಯುವುದೇ ನನ್ನ ಕಾಯಕ" ಎಂದು ಒಬ್ಬ ತರುಣನು ಹೇಳಿದರೆ ಅವನಿಗೆ ಏನು ಉತ್ತರ? ಅವನನ್ನು ಕಳ್ಳನೆಂದು ಜರೆದು ಮುಗಿಸುವುದು ಸುಲಭ; ಆದರೆ ಅದು ದಯೆಯೂ ಅಲ್ಲ, ಪೂರ್ಣವಾದ ನ್ಯಾಯವೂ ಅಲ್ಲ. ಅವನ ಹಸಿವು ನಿಜವಾದುದು. ರಾತ್ರಿ ಹೊಳೆಗಿಳಿದು ನಡು ಮುರಿಯುವವನು ಅವನು. ಹಗಲು ಹಣವೆಣಿಸುವವನು ಬೇರೊಬ್ಬನು. ಸಿಕ್ಕಿಬೀಳುವುದೂ ಹೆಚ್ಚಾಗಿ ಅವನೇ. ಆದರೂ ಕಾಯಕವೆಂಬ ಮಾತನ್ನು ಅಲ್ಲಿ ಬಳಸಲಾಗದು. ಹೊಟ್ಟೆ ಹೊರೆಯುವ ಕೆಲಸವೆಲ್ಲ ಕಾಯಕವಲ್ಲ. ಕಾಯಕಕ್ಕೆ ಎರಡು ಲಕ್ಷಣಗಳು ಅವಶ್ಯ. ಅದು ಮಾಡುವವನ ಮನಸ್ಸನ್ನು ಶುದ್ಧಗೊಳಿಸಬೇಕು. ಅದರ ಫಲವು ಸಮಾಜಕ್ಕೆ ಸಲ್ಲಬೇಕು. ಹಗಲು ಬೆಳಕಿನಲ್ಲಿ ಹೆಸರು ಹೇಳಿ ಮಾಡಲಾಗದ ಕೆಲಸವು ಮನಸ್ಸನ್ನು ಶುದ್ಧಗೊಳಿಸದು. ನೆರೆಯವನ ಬಾವಿಯನ್ನು ಬತ್ತಿಸುವ ಕೆಲಸವು ಸಮಾಜಕ್ಕೆ ಸಲ್ಲದು. ನೆಲವನ್ನು ಅಗೆಯುವುದೂ ಕಾಯಕವಾಗಬಲ್ಲುದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆಲವನ್ನು ಅಗೆಸಿಯೇ ಕೆರೆ ಕಟ್ಟಿಸಿದರು. ಅವರ ಅಗೆತದಿಂದ ನೀರು ನಿಂತಿತು. ಈ ಅಗೆತದಿಂದ ನೀರು ಹೋಗುತ್ತದೆ. ಅಂತಹ ತರುಣನಿಗೆ ಬೇರೆ ದುಡಿಮೆಯನ್ನು ತೋರಿಸಿಕೊಡುವ ಹೊಣೆಯು ಊರಿನ ಹಿರಿಯರದೂ ಹೌದು. ಹೂಳು ತುಂಬಿದ ಕೆರೆಗಳು ಎಷ್ಟೋ ಇವೆ; ಅದೇ ಟ್ರ್ಯಾಕ್ಟರಿಗೆ ಅಲ್ಲಿ ಧರ್ಮದ ಕೆಲಸವುಂಟು.

ಮೂರನೆಯ ಪ್ರಶ್ನೆಯು ಗೃಹಸ್ಥನ ಹೊಸ್ತಿಲಿಗೇ ಬರುತ್ತದೆ. ಕೊಂಡವನಿಗೆ ಪಾಪವುಂಟೇ? ಮನೆ ಕಟ್ಟಿಸುವವನು, "ನಾನು ಹಣ ಕೊಟ್ಟೆ, ಮೇಸ್ತ್ರಿ ತರಿಸಿದ, ಎಲ್ಲಿಂದ ಬಂತೆಂದು ಕೇಳುವುದು ನನ್ನ ಕೆಲಸವೇ?" ಎನ್ನುತ್ತಾನೆ. ಆದರೆ ಲೋಡು ಬಂದದ್ದು ನಡುರಾತ್ರಿಯಲ್ಲಿ. ಪರ್ಮಿಟ್ಟಿನ ಚೀಟಿ ಇರಲಿಲ್ಲ. ಅವನಿಗೆ ತಿಳಿಯಲಿಲ್ಲವೇ? ತಿಳಿಯಬಾರದೆಂದು ಅವನೇ ಕೇಳದೆ ಬಿಟ್ಟನು. ಅಜ್ಞಾನಕ್ಕೆ ಕ್ಷಮೆಯುಂಟು, ಬೇಕೆಂದೇ ತಂದುಕೊಂಡ ಅಜ್ಞಾನಕ್ಕೆ ಕ್ಷಮೆಯಿಲ್ಲ. ಕೊಳ್ಳುವವನಿಲ್ಲದಿದ್ದರೆ ಯಾವ ಟ್ರ್ಯಾಕ್ಟರೂ ಹೊಳೆಗಿಳಿಯುತ್ತಿರಲಿಲ್ಲ. ಕಳವಿನ ಸರಪಣಿಯಲ್ಲಿ ಕೊನೆಯ ಕೊಂಡಿಯೇ ಮೊದಲನೆಯ ಕೊಂಡಿ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಚರಿತ್ರೆಯನ್ನು ನೆನೆಯಬೇಕು. ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದರು. ಅದು ಕದ್ದ ಅಕ್ಕಿಯಲ್ಲ. ನೆಲದ ಮೇಲೆ ಬಿದ್ದಿದ್ದ ಅಕ್ಕಿ, ಯಾರೂ ಬೇಡವೆನ್ನದ ಅಕ್ಕಿ. ಆದರೂ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಲಕ್ಕಮ್ಮನವರು ಕೇಳಿದರು ಎಂಬುದು. ಅಕ್ಕಿ ಹೊಸ್ತಿಲಿಗೆ ಬಂದಾಗ ಎಷ್ಟು, ಎಲ್ಲಿಂದ, ಏತಕ್ಕೆ ಎಂದು ವಿಚಾರಿಸಿದರು. ಯಾವ ಅಧಿಕಾರಿಯೂ ಅವರ ಬಾಗಿಲಲ್ಲಿ ನಿಂತಿರಲಿಲ್ಲ, ಯಾವ ದಂಡದ ಭಯವೂ ಇರಲಿಲ್ಲ. ಚೆಲ್ಲಿದ ಅಕ್ಕಿಯಲ್ಲಿಯೇ ಮಿತಿಯನ್ನು ಕಂಡ ಆ ತಾಯಿಯ ಮುಂದೆ, ರಾತ್ರಿ ತಂದ ಮರಳಿನ ಲೋಡನ್ನು ಸುರಿಸಿಕೊಳ್ಳುವ ಗೃಹಸ್ಥನು ಹೇಗೆ ನಿಂತಾನು?

ಇನ್ನೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗುಡಿ, ಸಮುದಾಯ ಭವನ, ದಾಸೋಹದ ಮನೆ ಕಟ್ಟಿಸುವಾಗ "ದೇವರ ಕೆಲಸ, ಯಾರೂ ತಡೆಯುವುದಿಲ್ಲ" ಎಂದು ಪರ್ಮಿಟ್ಟಿಲ್ಲದ ಮರಳನ್ನು ಕಾಣಿಕೆಯಾಗಿ ಸ್ವೀಕರಿಸುವುದುಂಟು. ಸತ್ಯಶುದ್ಧವಲ್ಲದ ಪದಾರ್ಥವು ಲಿಂಗಕ್ಕೆ ಸಲ್ಲದೆಂಬುದು ಶರಣಮತದ ಮೂಲಸಿದ್ಧಾಂತ. ಕದ್ದ ಹೂವಿನ ಪೂಜೆ ಹೇಗೆ ಸಲ್ಲದೋ ಕದ್ದ ಮರಳಿನ ಗೋಡೆಯೂ ಹಾಗೆಯೇ ಸಲ್ಲದು. ಭಕ್ತಿಯ ಕಟ್ಟಡಕ್ಕೆ ಮರಳು ತಡವಾಗಿ ಬಂದರೆ ನಷ್ಟವಿಲ್ಲ. ಕಳವಿನಿಂದ ಬಂದರೆ ಅಡಿಪಾಯವೇ ನಷ್ಟ.

ಹೊಳೆಯ ಮರಳನ್ನು ಬಿಟ್ಟು ಎಂ-ಸ್ಯಾಂಡ್ ಬಳಸಿದರೆ ಸಮಸ್ಯೆ ತೀರಿತಲ್ಲ ಎನ್ನುವವರುಂಟು. ಹೊಳೆಗೆ ಅದು ಒಳ್ಳೆಯದೇ. ಆದರೆ ಅದೂ ಬಂಡೆಯನ್ನು ಸಿಡಿಸಿ ಪುಡಿಮಾಡಿದ್ದು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಸ್ಫೋಟಗಳಿಂದ ಕನ್ನಂಬಾಡಿಯ ಕಟ್ಟೆಗೇ ಅಪಾಯವಾದೀತೆಂಬ ಆತಂಕ ಎದ್ದು, 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕಟ್ಟೆಯ ಸುತ್ತಲಿನ 20 ಕಿಲೋಮೀಟರುಗಳೊಳಗೆ, ಸುರಕ್ಷತೆಯ ಅಧ್ಯಯನವು ಮುಗಿಯುವವರೆಗೆ, ಗಣಿಗಾರಿಕೆ ನಡೆಯಕೂಡದೆಂದು ಆಜ್ಞಾಪಿಸಿತು. ಹೊಳೆಯನ್ನು ಬಿಟ್ಟು ಬೆಟ್ಟವನ್ನು ಹಿಡಿದರೆ ಲೋಭದ ವಿಳಾಸ ಬದಲಾಯಿತೇ ಹೊರತು ಲೋಭ ಬದಲಾಗಲಿಲ್ಲ. ಕೊನೆಗೆ ಪ್ರಶ್ನೆಯು ಬೇಕೆಂಬುದರ ಅಳತೆಯಲ್ಲಿಯೇ ನಿಲ್ಲುತ್ತದೆ. ಇಬ್ಬರು ವಾಸಿಸುವಲ್ಲಿ ಎಂಟು ಕೋಣೆ, ಮದುವೆಯ ಹೊತ್ತಿಗೆ ಮಾತ್ರ ತೆರೆಯುವ ಮಹಡಿ, ನೆರೆಯವನಿಗಿಂತ ಒಂದು ಗಜ ಎತ್ತರದ ಕಾಂಪೌಂಡು, ಇವೆಲ್ಲ ಯಾವುದೋ ಹೊಳೆಯ ಒಡಲಿನಿಂದಲೇ ಬರಬೇಕು.

ಹಾಗಾದರೆ ಭಕ್ತನು ಮಾಡತಕ್ಕದ್ದೇನು? ಕಟ್ಟುವ ಮುನ್ನ ಎಷ್ಟು ಬೇಕೆಂದು ಮನೆಯವರೊಡನೆ ಕುಳಿತು ಅಳೆಯಲಿ. ಬಂದ ಲೋಡಿನ ಪರ್ಮಿಟ್ಟನ್ನು ಹಗಲಿನಲ್ಲಿ ಕೇಳಿ ನೋಡಲಿ. ಇಲ್ಲದಿದ್ದರೆ ಹಿಂದಕ್ಕೆ ಕಳುಹಿಸಲಿ, ಬೆಲೆ ಹೆಚ್ಚಾದರೂ ಸರಿಯಾದುದನ್ನೇ ಕೊಳ್ಳಲಿ. ಪಂಚಾಯಿತಿಯ ಸದಸ್ಯನಾಗಿದ್ದರೆ ತನ್ನ ಹಳ್ಳದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಇದು ಸದಾಚಾರ. ಹೊಳೆಯಲ್ಲಿ ಕಳವು ನಡೆಯುವುದನ್ನು ಕಂಡರೆ ಒಬ್ಬನೇ ಹೋಗಿ ಅಪಾಯಕ್ಕೆ ತಲೆಯೊಡ್ಡದೆ, ನಾಲ್ಕು ಜನ ಕೂಡಿ ತಹಶೀಲ್ದಾರರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಬರೆದು ಕೊಡಲಿ. ಇದು ಗಣಾಚಾರ. ಗಣಾಚಾರವೆಂದರೆ ಕೇವಲ ಶಿವನಿಂದೆಯನ್ನು ಸಹಿಸದಿರುವುದಲ್ಲ. ಶಿವನ ಸೃಷ್ಟಿಗೆ ಆಗುವ ದ್ರೋಹವನ್ನು ಸಹಿಸದಿರುವುದೂ ಅದರೊಳಗೇ ಸೇರಿದೆ.

ಕಾನೂನು ಹೇಳುವುದು ಎಷ್ಟು ತೆಗೆದರೆ ಶಿಕ್ಷೆಯೆಂಬುದನ್ನು. ಆಚಾರವು ಕೇಳುವುದು ಎಷ್ಟು ಸಾಕೆಂಬುದನ್ನು. ಮೊದಲನೆಯದಕ್ಕೆ ನ್ಯಾಯಾಲಯವು ಉತ್ತರ ಹೇಳಬಲ್ಲುದು. ಎರಡನೆಯದಕ್ಕೆ ಉತ್ತರ ಹೇಳತಕ್ಕವರು ಮನೆಯ ಯಜಮಾನ ಯಜಮಾನಿಯರು, ತಮ್ಮ ಹೊಸ್ತಿಲಿನಲ್ಲಿ ನಿಂತು. ಅಂತಹ ಮನೆಗಳು ಊರಿಗೆ ಹತ್ತಾದರೂ ಇದ್ದರೆ ಶಿಂಷೆಯ ಮರಳು ಅದರ ಪಾತ್ರದಲ್ಲಿಯೇ ಉಳಿದೀತು. ಮುಂದಿನ ಬೇಸಗೆಯಲ್ಲಿ ಒರತೆ ತೋಡಿದ ಮಗುವಿನ ಬೊಗಸೆಗೆ ನೀರು ಸಿಕ್ಕೀತು.